ಲೇಖಕರ ಸಾಲಿನಲ್ಲಿ ಇಲ್ಲದವಳು

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ನಿನ್ನೆ ಮೊನ್ನೆ ಸೇರಿದ ವಿದ್ಯಾರ್ಥಿಗಳಿಗೂ ಅಕ್ಕ, ಅವಳಿಗಿಂತ ವಯಸ್ಸಾದ ಗುಮಾಸ್ತನಿಗೂ ಅಕ್ಕ. ಕೇಳಲು ಹಿತವಾದ ಮಾತು. ಅಕ್ಕ ಅಂದುಬಿಟ್ಟರೆ ಕೆಲಸ ಹೇಳುವಾಗ ದಾಕ್ಷಿಣ್ಯ ಬೇಡ, ಕೆಲಸ ಮುಗಿದ ಮೇಲೆ ಹೆಸರು ಹಾಕುವ ಗೋಜೂ ಬೇಡ. ಮನೆಯವರ ಹೆಸರನ್ನು ಯಾರಾದರೂ ಪೇಪರಿನಲ್ಲಿ ಹಾಕುತ್ತಾರೆಯೇ? ಹಾಕುತ್ತಾರೆ, ಮನೆಯವರು ಅಳಿಯನಾಗಿದ್ದರೆ. ಆ ಲ್ಯಾಬಿನ ಯಜಮಾನರು ಅಳಿಯನ ಹೆಸರನ್ನೇ ಎಲ್ಲರಿಗಿಂತ ಮೊದಲು ಹಾಕಿದ್ದರು.

ಪೇಪರ್ ಅಂದರೆ ಇವರ ಲೋಕದಲ್ಲಿ ಬೆಳಗಿನ ಸುದ್ದಿಯಲ್ಲ. ಸಂಶೋಧನೆ ಮಾಡಿದವರು ಅದನ್ನು ಬರೆದು ದೊಡ್ಡ ಪತ್ರಿಕೆಗೆ ಕಳಿಸುತ್ತಾರೆ, ಅಚ್ಚಾಗುತ್ತದೆ, ಅದೇ ಪೇಪರ್. ಕೈಯಾರೆ ಪ್ರಯೋಗ ಮಾಡಿದವರ ಹೆಸರು ಮೊದಲು, ಲ್ಯಾಬಿನ ಯಜಮಾನರ ಹೆಸರು ಕೊನೆಗೆ. ಇದು ಪದ್ಧತಿ. ಆಮೇಲೆ ಲೋಕದ ಯಾವ ಮೂಲೆಯಲ್ಲಿ ಯಾರು ಏನು ಬರೆದರೂ 'ಇಂಥವರ ಪೇಪರಿನಲ್ಲಿ ಹೀಗಿದೆ' ಎಂದು ಉಲ್ಲೇಖಿಸಿದರೆ ಒಂದು ಅಂಕ. ಅಂಕ ಕೂಡಿದಂತೆ ಬಡ್ತಿ, ಅನುದಾನ, ವಿಮಾನ, ಹಾರ. ಆ ಲ್ಯಾಬಿನ ಪಡಸಾಲೆಯಲ್ಲಿ ಟಿ.ವಿ.ಯಂಥ ಒಂದು ಪರದೆ ತೂಗುಹಾಕಿದ್ದರು. ಅದರಲ್ಲಿ ಅವರ ಅತಿ ಹೆಸರಾದ ಪೇಪರಿನ ಉಲ್ಲೇಖದ ಸಂಖ್ಯೆ ಹೊಳೆಯುತ್ತಿತ್ತು. ಬಂದವರೆಲ್ಲ ಅದನ್ನು ನೋಡಿಯೇ ಒಳಗೆ ಹೋಗಬೇಕಿತ್ತು.

ಅಕ್ಕ ಕೆಲಸ ಮಾಡುತ್ತಿದ್ದ ಕೋಣೆಗೆ ಪರದೆಯೂ ಇಲ್ಲ, ಕಿಟಕಿಯೂ ಇಲ್ಲ. ಜೀವಕೋಶ ಬೆಳೆಸುವ ಕೋಣೆ ಅದು. ಗಾಜಿನ ಗೂಡಿನ ಮುಂದೆ ಕೂತು ಎರಡೂ ಕೈ ಒಳಗೆ ತೂರಿಸಿ, ಸಣ್ಣ ನಳಿಗೆಯಿಂದ ಹನಿ ಹನಿಯಾಗಿ ಹಳೆಯ ನೀರು ತೆಗೆದು ಹೊಸ ನೀರು ಹಾಕಬೇಕು. ಆ ಕೆಂಪು ನೀರೇ ಜೀವಕೋಶಗಳ ಊಟ. ಗಾಳಿಯಂತ್ರ ಕಿವಿಯ ಹತ್ತಿರವೇ ಗುಂಯ್ ಎನ್ನುತ್ತಿರುತ್ತದೆ. ಕೆಮ್ಮುವಂತಿಲ್ಲ. ನಡುವೆ ಏಳುವಂತಿಲ್ಲ. ಬಾಯಾರಿದರೂ ಉಗುಳು ನುಂಗಿಕೊಂಡು ಕೂರಬೇಕು, ಉಚ್ಚೆ ಬಂದರೂ ಬಿಗಿಹಿಡಿದು ಕೂರಬೇಕು. ನಳಿಗೆಯ ಗುಂಡಿ ಒತ್ತಿ ಒತ್ತಿ ಅವಳ ಬಲಗೈ ಹೆಬ್ಬೆರಳು ಬಾಗಿಹೋಗಿತ್ತು. ಬೆಳಿಗ್ಗೆ ಎದ್ದಾಗ ಎಡಗೈಯಿಂದ ಅದನ್ನು ಹಿಡಿದು ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು. ಲಟಕ್ ಎಂದು ಸದ್ದು ಬರುತ್ತಿತ್ತು.

ಉಳಿದವರ ಕೈಯಲ್ಲಿ ಜೀವಕೋಶಗಳಿಗೆ ಬೂಷ್ಟು ಹಿಡಿಯುತ್ತಿತ್ತು. ಅವಳ ಕೈಯಲ್ಲಿ ಹಿಡಿಯುತ್ತಿರಲಿಲ್ಲ. ಅದಕ್ಕೇ ಎಲ್ಲರ ಜೀವಕೋಶದ ತಟ್ಟೆಗಳೂ ಅವಳ ಪಾಲಿಗೆ ಬಂದವು. "ಅಕ್ಕಾ, ಇದೊಂದು ನೋಡ್ಕೊಳ್ಳಿ" ಎಂದು ಇಟ್ಟುಹೋದರೆ ಅವರು ಮತ್ತೆ ಬರುತ್ತಿದ್ದುದು ಫಲಿತಾಂಶ ಒಯ್ಯುವುದಕ್ಕೆ. ಮಧ್ಯಾಹ್ನ ಎಲ್ಲರೂ ಗುಂಪಾಗಿ ಊಟಕ್ಕೆ ಹೊರಡುತ್ತಿದ್ದರು. ಅವಳು ಗಾಜು ತೊಳೆಯುವ ಕೋಣೆಯಲ್ಲಿ, ನಲ್ಲಿಯ ಪಕ್ಕದ ಸ್ಟೂಲಿನ ಮೇಲೆ ಒಬ್ಬಳೇ ಡಬ್ಬಿ ಬಿಚ್ಚುತ್ತಿದ್ದಳು. ಯಾರೂ ಅವಳನ್ನು ಬರಬೇಡ ಎಂದಿರಲಿಲ್ಲ. ಬಾ ಎಂದೂ ಅಂದಿರಲಿಲ್ಲ.

ಓದದವಳೇನಲ್ಲ. ಎಂ.ಎಸ್ಸಿ. ಮಾಡಿದ್ದಳು, ಅದೂ ಮೊದಲ ದರ್ಜೆಯಲ್ಲಿ. ಪಿಎಚ್.ಡಿ.ಗೆ ಹೆಸರು ನೋಂದಾಯಿಸುತ್ತೇನೆ ಎಂದು ಯಜಮಾನರನ್ನು ಕೇಳಿದಾಗಲೆಲ್ಲ ಅವರು ಒಂದೇ ಉತ್ತರ ಕೊಡುತ್ತಿದ್ದರು. "ನಿನಗ್ಯಾಕಮ್ಮ ಆ ತಲೆನೋವು? ಕೆಲಸ ಇದೆಯಲ್ಲ. ಮುಂದಿನ ವರ್ಷ ನೋಡೋಣ." ಮುಂದಿನ ವರ್ಷ ಎನ್ನುವುದು ಬರಲೇ ಇಲ್ಲ. ಪ್ರತಿವರ್ಷ ಗುತ್ತಿಗೆ ಮಾತ್ರ ಹೊಸದಾಗುತ್ತಿತ್ತು.

ಆ ಹೆಸರಾಂತ ಪೇಪರ್ ನಿಂತಿದ್ದುದು ಒಂದು ಬಗೆಯ ಲಿವರ್ ಕ್ಯಾನ್ಸರಿನ ಜೀವಕೋಶಗಳ ಮೇಲೆ. ಯಜಮಾನರು ಅವನ್ನು ಬಹುದೂರದಲ್ಲಿದ್ದ ತಮ್ಮ ಗುರುಗಳ ಲ್ಯಾಬಿನಿಂದ ತಂದಿದ್ದರು. ಗುರುಗಳು ಕೈಯಾರೆ ಕೊಟ್ಟ ಶೀಶೆಯನ್ನು ಕೋಟಿನ ಒಳಜೇಬಿನಲ್ಲಿ, ಎದೆಯ ಬಿಸುಪಿನಲ್ಲಿ ಇಟ್ಟುಕೊಂಡು ತಂದದ್ದನ್ನು ಅವರು ಪ್ರತಿ ಸಮಾರಂಭದಲ್ಲೂ ಹೇಳುತ್ತಿದ್ದರು. ಹೆತ್ತವರೂ ಮಗುವನ್ನು ಅಷ್ಟು ಜೋಪಾನವಾಗಿ ಆಸ್ಪತ್ರೆಯಿಂದ ತಂದಿರಲಾರರು. ಗುರುಗಳು ಮುಚ್ಚಿ ಮುದ್ರೆ ಒತ್ತಿದ್ದ ಇನ್ನೊಂದು ಸಣ್ಣ ಕೊಳವೆಯನ್ನು ಹಿಮದ ಪೆಟ್ಟಿಗೆಯ ತಳದಲ್ಲಿ ಹಾಗೆಯೇ ಕಾಪಾಡಿದ್ದರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಕೇಳಿದ್ದಳು. "ಸರ್, ಇವು ನಿಜವಾಗ್ಲೂ ಲಿವರ್ ಸೆಲ್ಲೇನಾ ಅಂತ ಒಂದ್ಸಲ ಪರೀಕ್ಷೆಗೆ ಕಳಿಸೋಣ್ವಾ? ಹೊರಗಿಂದ ಬಂದಿದ್ದನ್ನ ಕಳಿಸಬೇಕು ಅಂತ ಓದಿದ್ದೆ."

ಯಜಮಾನರ ಮುಖ ಬಿಗಿಯಿತು. "ನನ್ನ ಗುರುಗಳು ಕೊಟ್ಟಿದ್ದು ಅದು. ಅವರನ್ನ ಪರೀಕ್ಷೆ ಮಾಡೋ ಅಷ್ಟು ದೊಡ್ಡವಳಾದ್ಯಾ ನೀನು?"

ಆ ಲ್ಯಾಬಿನಲ್ಲಿ ಅದು ರೂಢಿ. ಕೊಂಡು ತಂದದ್ದನ್ನು ಪರೀಕ್ಷಿಸಬಹುದು, ಗುರುಗಳು ಕೊಟ್ಟದ್ದನ್ನು ಪರೀಕ್ಷಿಸಬಾರದು. ಬಾಗಿಲ ಮೇಲೆ ಗುರುಗಳ ಫೋಟೊ ಇತ್ತು, ಅದಕ್ಕೊಂದು ಪುಟ್ಟ ದೀಪವೂ ಇತ್ತು. ಅವಳು ಬಾಯಿ ಮುಚ್ಚಿಕೊಂಡು ಆ ಜೀವಕೋಶಗಳನ್ನು ಬೆಳೆಸಿದಳು. ಅವುಗಳ ಮೇಲೆ ಒಂದು ಮದ್ದನ್ನು ಹಾಕಿ, ಎಣಿಸಿ, ಮತ್ತೆ ಹಾಕಿ, ಮತ್ತೆ ಎಣಿಸಿ, ಮೂರು ವರ್ಷ ಸವೆಸಿದಳು. ಮದ್ದು ಹಿಡಿಯಿತು. ಪೇಪರ್ ಬರೆಯುವ ಹೊತ್ತಿಗೆ ಅಳಿಯ ಬಂದ. ಯಜಮಾನರ ಮಗಳನ್ನು ಮದುವೆಯಾಗಿ ಆಗಷ್ಟೇ ಲ್ಯಾಬಿಗೆ ಕಾಲಿಟ್ಟವನು. ಒಳ್ಳೆಯ ಹುಡುಗನೇ. ಅವಳ ತಟ್ಟೆಗಳ ಚಿತ್ರಗಳನ್ನು ಚೆಂದಕ್ಕೆ ಜೋಡಿಸಿಕೊಟ್ಟ.

ಪೇಪರ್ ಅಚ್ಚಾದ ದಿನ ಅವಳು ಒಂದು ಪ್ರತಿಯನ್ನು ಮನೆಗೆ ಒಯ್ದಳು. ಮನೆ ಅಂದರೆ ಒಂದೇ ಕೋಣೆ, ಒಂದು ಒಲೆ, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಅವ್ವ ಆಸ್ಪತ್ರೆಯ ಬಟ್ಟೆ ಒಗೆಯುವವಳು. ಹೆರಿಗೆಯಾದ ಚಾದರ, ಸತ್ತವರನ್ನು ಎತ್ತಿದ ಚಾದರ, ಎಲ್ಲವೂ ಅವಳ ಕೈಗೇ ಬರುತ್ತಿದ್ದವು. ಒಗೆಯುವ ಸೋಡಾ ತಿಂದುಹಾಕಿ ಅವಳ ಉಗುರುಗಳು ಉದುರಿದ್ದವು. ಮಗಳ ಓದು ನಡೆದದ್ದು ಆ ಕೈಯಿಂದ.

"ಹೆಸರೆಲ್ಲಿದೆ ತೋರಿಸು" ಎಂದಳು ಅವ್ವ. ಅವಳಿಗೆ ಓದಲು ಬರುತ್ತಿರಲಿಲ್ಲ.

ಮಗಳ ಹೆಸರು ಇದ್ದದ್ದು ಕೊನೆಯ ಪುಟದ ಬುಡದಲ್ಲಿ, ಯಂತ್ರ ಕೊಟ್ಟ ಕಂಪನಿಯ ಹೆಸರಾದ ಮೇಲೆ, ಇರುವೆಯಂಥ ಅಕ್ಷರದಲ್ಲಿ, ನೆರವಿಗಾಗಿ ವಂದನೆ ಎಂದು. ಅವ್ವ ಮೊದಲ ಪುಟವನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು. ಮಗಳಿಗೆ ಪುಟ ತಿರುಗಿಸಲು ಆಗಲಿಲ್ಲ. ತಲೆಬರಹದ ಕೆಳಗಿದ್ದ ಮೊದಲ ಹೆಸರಿನ ಮೇಲೆ ಬೆರಳಿಟ್ಟಳು. ಅದು ಅಳಿಯನ ಹೆಸರು.

"ಇದೇ ಅವ್ವಾ."

"ಎಲ್ಲರಿಗಿಂತ ಮುಂದೆ ಹಾಕಿದ್ದಾರಲ್ಲೇ" ಎಂದು ಅವ್ವ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಮಾರನೆಯ ದಿನ ಅದನ್ನು ಗೋಡೆಗೆ ಅಂಟಿಸಿದಳು. ಕೆಲಸಕ್ಕೆ ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ ಅದನ್ನು ಮುಟ್ಟುತ್ತಿದ್ದಳು. ಕೆಲವು ವರ್ಷಗಳ ನಂತರ ಆ ಗೋಡೆಯ ಕೆಳಗೇ ಕಣ್ಣುಮುಚ್ಚಿದಳು. ಮಗಳು ಆಮೇಲೆ ಒಬ್ಬಳೇ ಆ ಕೋಣೆಯಲ್ಲಿ ಮಲಗಿ ಏಳುತ್ತಿದ್ದಳು. ಅವಳೊಡನೆ ಮಾತಾಡುವವರು ಯಾರೂ ಇರಲಿಲ್ಲ. ಕೆಲವು ಸಲ ಗಾಜಿನ ಗೂಡಿನ ಮುಂದೆ ಕೂತಾಗ ತಾನು ಗಟ್ಟಿಯಾಗಿ ಮಾತಾಡುತ್ತಿರುವುದು ಅವಳಿಗೇ ಗೊತ್ತಾಗಿ ನಾಚಿಕೆಯಾಗುತ್ತಿತ್ತು.

ಪರದೆಯ ಸಂಖ್ಯೆ ಐದು ಸಾವಿರ ದಾಟಿದಾಗ ಲ್ಯಾಬಿನಲ್ಲಿ ಕೇಕ್ ಕತ್ತರಿಸಿದರು. ಹೊರಗಿನಿಂದ ಬಂದ ದೊಡ್ಡ ಮನುಷ್ಯರೊಬ್ಬರು ಜೀವಕೋಶಗಳ ಕೋಣೆ ನೋಡಿ, ಎಷ್ಟು ಚೊಕ್ಕಟ ಎಂದು ಬೆರಗಾದರು. ಯಜಮಾನರು ಅಕ್ಕನ ಬೆನ್ನು ತಟ್ಟಿದರು.

"ಇವಳ ಕೈಯೇ ಹಾಗೆ. ಇವರಮ್ಮ ಆಸ್ಪತ್ರೆ ಬಟ್ಟೆ ಒಗೀತಿದ್ರು. ತೊಳೆಯೋದು ಇವರಿಗೆ ರಕ್ತದಲ್ಲೇ ಬಂದಿರುತ್ತೆ."

ಎಲ್ಲರೂ ನಕ್ಕರು. ಕೇಡಿನ ನಗುವೇನಲ್ಲ, ಕೇಕ್ ತಿನ್ನುತ್ತಾ ನಗುವ ನಗು. ಅವ್ವನ ಉಗುರಿಲ್ಲದ ಬೆರಳುಗಳು ಕಣ್ಣ ಮುಂದೆ ಬಂದವು. ಕಾಗದದ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ತನ್ನ ಕೋಣೆಗೆ ಹೋಗಿ ಕೂತಳು. ಅವಳು ಹೋದದ್ದು ಯಾರಿಗೂ ತಿಳಿಯಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಏಟು ಬಿತ್ತು. ಎಲ್ಲೋ ದೂರದ ಲ್ಯಾಬಿನವರು ಆ ಜೀವಕೋಶಗಳನ್ನು ಕೇಳಿ ತರಿಸಿಕೊಂಡಿದ್ದರು. ಅವರಿಗೆ ಗುರುಗಳ ಹಂಗಿರಲಿಲ್ಲ. ಪರೀಕ್ಷೆ ಮಾಡಿಸಿದರು. ಅವು ಲಿವರಿನವೇ ಅಲ್ಲ, ಮೂತ್ರಕೋಶದವು. ಲಿವರಿಗೆಂದು ಜಗತ್ತೆಲ್ಲ ಐದು ಸಾವಿರ ಸಲ ಉಲ್ಲೇಖಿಸಿದ ಪೇಪರ್ ಮೂತ್ರಕೋಶದ ಮೇಲೆ ನಿಂತಿತ್ತು. ಪತ್ರಿಕೆಯವರು ಕೇಳಿದರು: ಈ ತಪ್ಪು ಹೇಗಾಯಿತು, ಯಾರಿಂದಾಯಿತು, ವಿವರಣೆ ಕೊಡಿ, ಪೇಪರ್ ವಾಪಸ್ ತೆಗೆದುಕೊಳ್ಳಿ.

ಯಜಮಾನರು ಅವಳನ್ನು ತಮ್ಮ ಕೋಣೆಗೆ ಕರೆಸಿದರು. ಕುರ್ಚಿ ತೋರಿಸಿ ಕೂರು ಎಂದರು. ಇಷ್ಟು ವರ್ಷಗಳಲ್ಲಿ ಆ ಕೋಣೆಯಲ್ಲಿ ಅವಳು ಕೂತದ್ದು ಅದೇ ಮೊದಲು. ಅಳಿಯ ಕಿಟಕಿಯ ಹತ್ತಿರ ನಿಂತಿದ್ದ. ಅವನೂ ಈಗ ಬೇರೊಂದು ಸಂಸ್ಥೆಯಲ್ಲಿ ಪ್ರೊಫೆಸರ್. ಆ ಹುದ್ದೆ ಸಿಕ್ಕಿದ್ದು ಈ ಪೇಪರಿನಿಂದಲೇ.

ಯಜಮಾನರು ಒಂದು ಹಾಳೆಯನ್ನು ಅವಳ ಕಡೆ ಸರಿಸಿದರು. ಜೀವಕೋಶಗಳನ್ನು ಬೆಳೆಸುವಾಗ ತನ್ನ ಅಜಾಗರೂಕತೆಯಿಂದ ಕೊಳವೆಗಳು ಅದಲುಬದಲಾದವು ಎಂದು ಬರೆದಿತ್ತು. ಕೆಳಗೆ ಅವಳ ಪೂರ್ತಿ ಹೆಸರು ದಪ್ಪ ಅಕ್ಷರದಲ್ಲಿ ಇತ್ತು. ಸಹಿ ಒಂದು ಬಾಕಿ.

"ಪತ್ರಿಕೆಯವರು ಇದನ್ನೇ ಅಚ್ಚು ಹಾಕ್ತಾರೆ. ಟೆಕ್ನೀಷಿಯನ್ ತಪ್ಪು ಅಂದ್ರೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ ಕಣಮ್ಮ. ನನ್ನ ತಪ್ಪು ಅಂದ್ರೆ ಲ್ಯಾಬೇ ಮುಚ್ಚಬೇಕಾಗುತ್ತೆ. ಈ ಮಕ್ಕಳೆಲ್ಲ ಬೀದಿಗೆ ಬರ್ತಾರೆ."

"ನಾನು ಬದಲಾಯಿಸಿಲ್ಲ ಸರ್. ಬಂದಾಗ್ಲೇ ಅವು ಹಾಗಿದ್ವು. ಗುರುಗಳ ಮುದ್ರೆ ಇರೋ ಕೊಳವೆ ಇದೆಯಲ್ಲ, ಅದನ್ನ ಒಡೆದು ಪರೀಕ್ಷೆ ಮಾಡಿಸಿ."

"ಅದನ್ನ ಎಸೆದಾಯ್ತು" ಎಂದರು ಯಜಮಾನರು. ಎಸೆದವರು ಯಾರು, ಯಾವಾಗ ಎಂದು ಹೇಳಲಿಲ್ಲ. ಅಳಿಯ ಕಿಟಕಿಯಾಚೆ ನೋಡತೊಡಗಿದ.

ಅವಳು ಹಾಳೆಯನ್ನು ಇನ್ನೊಮ್ಮೆ ಓದಿದಳು. ಹೆಸರು ನೋಡಿದಳು. ಇಲ್ಲಿಗೆ ಬಂದ ದಿನದಿಂದ ಅಚ್ಚಿನಲ್ಲಿ ಆ ಹೆಸರು ಕಾಣಬೇಕೆಂದು ಅವಳು ಹಂಬಲಿಸಿದ್ದಳು. ಕಾಣುವ ಕಾಲ ಈಗ ಬಂದಿತ್ತು. ಇದಕ್ಕೆ ಸಹಿ ಹಾಕಿದರೆ ಇಲ್ಲಿ ಗುತ್ತಿಗೆ ಉಳಿಯುತ್ತದೆ, ಹೊರಗೆ ಯಾವ ಲ್ಯಾಬಿನ ಬಾಗಿಲೂ ತೆರೆಯುವುದಿಲ್ಲ. ಹಾಕದಿದ್ದರೆ ಇಲ್ಲಿಯ ಗುತ್ತಿಗೆ ಹೋಗುತ್ತದೆ. ಅಳು ಬರುತ್ತಿದೆ ಅಂದುಕೊಂಡಳು. ಅಳುವಲ್ಲ, ಸಿಟ್ಟು.

"ಸಹಿ ಹಾಕ್ತೀನಿ ಸರ್" ಎಂದಳು.

ಯಜಮಾನರು ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು.

"ಮೊದಲು ಪೇಪರಲ್ಲಿ ನನ್ನ ಹೆಸರು ಹಾಕ್ಸಿ. ಎಲ್ಲರಿಗಿಂತ ಮುಂದೆ. ಪ್ರಯೋಗ ಮಾಡಿದವರ ಹೆಸರು ಮುಂದೆ ಬರಬೇಕು ಅಂತ ನೀವೇ ಪಾಠ ಹೇಳ್ತೀರಲ್ಲ. ಹೆಸರು ಬಂದ ಮಾರನೇ ದಿನ ತಪ್ಪು ನಂದೇ ಅಂತ ಬರ್ಕೊಡ್ತೀನಿ."

"ಏನು ಮಾತಾಡ್ತಿದ್ದೀಯಾ? ಅಚ್ಚಾಗಿ ಎಷ್ಟು ವರ್ಷ ಆಯ್ತು. ಈಗ ಲೇಖಕರನ್ನ ಸೇರಿಸೋಕೆ ಬರಲ್ಲ."

"ಹಾಗಾದ್ರೆ ಆ ಪೇಪರಲ್ಲಿ ನಾನಿಲ್ಲ. ಇಲ್ಲದವಳು ತಪ್ಪು ಹೇಗೆ ಮಾಡ್ತಾಳೆ ಸರ್?"

ಯಜಮಾನರು ಮೇಜು ಗುದ್ದಲಿಲ್ಲ, ಕೂಗಲಿಲ್ಲ. ಅವರು ಅಂಥವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ನಿನಗೆ ಅನ್ನ ಕೊಟ್ಟ ಜಾಗ ಇದು" ಎಂದು ಮೆಲ್ಲಗೆ ಹೇಳಿದರು.

"ಕೊಟ್ಟಿಲ್ಲ ಸರ್. ದುಡ್ಕೊಂಡಿದ್ದೀನಿ" ಎಂದಳು. ಪೆನ್ನನ್ನು ಹಾಳೆಯ ಮೇಲಿಟ್ಟು ಎದ್ದಳು.

ಅಂದಿನಿಂದ ಲ್ಯಾಬಿನಲ್ಲಿ ಯಾರೂ ಅವಳನ್ನು ಅಕ್ಕ ಎನ್ನಲಿಲ್ಲ. ಮೇಡಂ ಎನ್ನತೊಡಗಿದರು. ತಟ್ಟೆ ತಂದು ಇಡುವವರಿಲ್ಲ. ಅವಳು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಅವಳೇ ಕೈಹಿಡಿದು ನಳಿಗೆ ಹಿಡಿಯುವುದನ್ನು ಕಲಿಸಿದ್ದ ಹುಡುಗಿಯೊಬ್ಬಳು ಎದುರಾದಾಗ ಗೋಡೆಗೆ ಸರಿದು ದಾರಿ ಬಿಟ್ಟಳು. ತಿಂಗಳ ಕೊನೆಗೆ ಗುತ್ತಿಗೆ ಮುಗಿಯಿತು, ಹೊಸದಾಗಲಿಲ್ಲ. ಅವಳು ಚಪ್ಪಲಿ, ಡಬ್ಬಿ, ಹಳೆಯ ಕೋಟು ಚೀಲಕ್ಕೆ ಹಾಕಿಕೊಂಡು ಹೊರಟಳು. ಗುಮಾಸ್ತ ಮಾತ್ರ "ಹೋಗ್ಬನ್ನಿ" ಎಂದ, ಅದೂ ತಲೆ ಎತ್ತದೆ.

ಒಂದು ಸಂಜೆ ಅವಳ ಕೋಣೆಯ ಬಾಗಿಲು ತಟ್ಟಿದವನು ಅಳಿಯ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ. ಇದ್ದ ಒಂದು ಕುರ್ಚಿಯನ್ನು ಅವನಿಗೆ ಕೊಟ್ಟು ಅವಳು ಮಂಚದ ಅಂಚಿನಲ್ಲಿ ಕೂತಳು. ಆ ಕೋಣೆಗೆ ಅತಿಥಿ ಬಂದು ಎಷ್ಟೋ ಕಾಲವಾಗಿತ್ತು. ಇಂಥವನಾದರೂ ಬಂದನಲ್ಲ ಎಂದು ಒಂದು ಗಳಿಗೆ ಸಂತೋಷವಾದದ್ದೂ ನಿಜ. ಚಹಾ ಮಾಡಿ ಕೊಟ್ಟಳು.

"ಅಕ್ಕಾ, ನನ್ನನ್ನ ಉಳಿಸ್ಬೇಕು" ಎಂದ. ಅವಳು ಸಹಿ ಹಾಕಲಿಲ್ಲವಾದ್ದರಿಂದ ಪತ್ರಿಕೆಯವರು ಪದ್ಧತಿಯ ಪ್ರಕಾರ ಹೊರಟಿದ್ದರು. ಪ್ರಯೋಗ ಮಾಡಿದವನು ಮೊದಲ ಹೆಸರಿನವನು, ಆದ್ದರಿಂದ ತಪ್ಪೂ ಅವನದು. ಮಾವನವರು ಅದಕ್ಕೆ ಹೂಂ ಅಂದಿದ್ದರು. ಅಳಿಯನ ಕುತ್ತಿಗೆ ಕೊಟ್ಟು ಅವರು ತಮ್ಮ ಕುತ್ತಿಗೆ ಉಳಿಸಿಕೊಳ್ಳುತ್ತಿದ್ದರು. ಅವನ ಸಂಸ್ಥೆಯವರು ವಿಚಾರಣೆ ಶುರುಮಾಡಿದ್ದರು.

"ಆ ಪ್ರಯೋಗ ಒಂದನ್ನೂ ನಾನು ಮಾಡಿಲ್ಲ. ಆ ಸೆಲ್‌ಗಳನ್ನ ಮುಟ್ಟೂ ಇಲ್ಲ. ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ನೀವು ಬಂದು ಸೆಲ್ ನೋಡ್ಕೊಂಡಿದ್ದು ನಾನು ಅಂತ ಅದೊಂದು ಮಾತು ಹೇಳಿ ಸಾಕು."

ಅವಳಿಗೆ ನಗು ಬಂತು. ತಡೆದುಕೊಂಡಳು. "ನಾನ್ಯಾಕೆ ಹೇಳ್ಬೇಕು? ನೀವೇ ಬರೀರಿ. ಪ್ರಯೋಗ ನಾನು ಮಾಡಿಲ್ಲ, ಅವರು ಮಾಡಿದ್ದು, ಅವರ ಜಾಗದಲ್ಲಿ ನನ್ನ ಹೆಸರು ಹಾಕ್ಕೊಂಡ್ವಿ ಅಂತ. ಈಗ್ಲೇ ಬರೆದುಕೊಟ್ರೆ ನಾನೂ ಬಂದು ಹೌದು ಅಂತೀನಿ."

"ಹಾಗೆ ಬರೆದ್ರೆ ನನ್ನ ಹೆಸರೇ ಹೋಗುತ್ತಲ್ಲ ಅಕ್ಕಾ. ತಪ್ಪಾದ್ರೆ ಯಾರಾದ್ರೂ ಕ್ಷಮಿಸ್ತಾರೆ. ಮಾಡದೇ ಇರೋದನ್ನ ಮಾಡಿದ್ದೀನಿ ಅಂದ್ರೆ ಕಳ್ಳ ಅಂತಾರೆ."

ಅವನೇ ಆಡಿದ ಮಾತು ಅವನಿಗೇ ಕೇಳಿಸಿತೇನೋ, ತಲೆ ಬೇರೆ ಕಡೆ ತಿರುಗಿಸಿದ. ಆಗ ಗೋಡೆ ಕಣ್ಣಿಗೆ ಬಿತ್ತು. ಎದ್ದು ಹತ್ತಿರ ಹೋದ. ಹಳದಿಗಟ್ಟಿದ ತನ್ನ ಪೇಪರನ್ನು ನೋಡಿ ಅವನ ಮುಖ ಸ್ವಲ್ಪ ಅರಳಿತು.

"ಇನ್ನೂ ಇಟ್ಕೊಂಡಿದ್ದೀರಾ? ನನ್ನ ಹೆಸರೊಂದು ಮಾತ್ರ ಯಾಕೆ ಹೀಗೆ ಅಳಿಸಿಹೋಗಿದೆ?"

"ನಮ್ಮವ್ವ ಮುಟ್ಟಿ ಮುಟ್ಟಿ."

"ನನ್ನ ಹೆಸರನ್ನಾ?"

"ಅವಳಿಗೆ ಓದೋಕೆ ಬರ್ತಿರ್ಲಿಲ್ಲ. ಅದು ನನ್ನ ಹೆಸರು ಅಂತ ಹೇಳಿದ್ದೆ."

ಅವನು ಅಲ್ಲೇ ನಿಂತ. ಚಹಾ ಅರ್ಧ ಕುಡಿದದ್ದು ಹಾಗೇ ಇತ್ತು. ಅವಳು ಒಂದು ಬಿಳಿ ಹಾಳೆಯನ್ನೂ ಪೆನ್ನನ್ನೂ ತಂದು ಅವನ ಮುಂದೆ ಹಿಡಿದಳು. ಅವನು ಕೂತು ಪೆನ್ನು ಹಿಡಿದ. ಬಹಳ ಹೊತ್ತು ಹಿಡಿದಿದ್ದ. ಕೆಳಗೆ ಬೀದಿಯಲ್ಲಿ ಯಾರೋ ಯಾರನ್ನೋ ಊಟಕ್ಕೆ ಕರೆಯುತ್ತಿದ್ದರು. ಕೊನೆಗೆ ಅವನು ಪೆನ್ನಿಗೆ ಮುಚ್ಚಳ ಹಾಕಿ, "ಬರ್ತೀನಿ ಅಕ್ಕಾ" ಎಂದು ಮೆಟ್ಟಿಲಿಳಿದ. ಹಾಳೆ ಬಿಳಿಯಾಗಿಯೇ ಉಳಿಯಿತು. ಅವಳು ಲೋಟ ತೊಳೆದಿಟ್ಟು, ದೀಪ ಹಾಕದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಸಮಾಧಾನ ಮಾಡುವವರು ಇರಲಿಲ್ಲವಾದ್ದರಿಂದ ಅಳು ತಾನಾಗಿ ಮುಗಿಯುವವರೆಗೆ ಕಾಯಬೇಕಾಯಿತು.

ಪೇಪರ್ ವಾಪಸಾದ ಸೂಚನೆ ಪ್ರಕಟವಾದಾಗ ಅವಳು ಅದನ್ನು ಫೋನಿನಲ್ಲಿ ಓದಿದಳು. ನಾಲ್ಕೇ ಸಾಲು. ಲೇಖಕರು ವಿಷಾದಿಸುತ್ತಾರೆ. ಹೊಣೆ ಮೊದಲ ಲೇಖಕರದು. ಅವಳ ಹೆಸರು ಎಲ್ಲೂ ಇರಲಿಲ್ಲ. ಇಷ್ಟು ವರ್ಷ ಅದನ್ನು ಹಾಕದೆ ಬಿಟ್ಟದ್ದು ಅವರು. ಈ ಸಲ ಅದು ಅಲ್ಲಿರದಂತೆ ತಡೆದದ್ದು ಅವಳು. ಪೇಪರಿನ ನೆತ್ತಿಯ ಮೇಲೆ ಕೆಂಪು ಪಟ್ಟಿ ಎಳೆದಿದ್ದರು. ಆದರೂ ಉಲ್ಲೇಖಿಸುವವರು ಉಲ್ಲೇಖಿಸುತ್ತಲೇ ಇದ್ದರು. ಸಂಖ್ಯೆ ಇನ್ನೂ ಏರಿತ್ತು.

ಆಮೇಲೆ ಅವಳು ಹಲವು ಕಡೆ ಅರ್ಜಿ ಹಾಕಿದಳು. ಒಂದು ಲ್ಯಾಬಿನವರು ಸಂದರ್ಶನಕ್ಕೆ ಕರೆದರು. ಉದ್ದ ಮೇಜಿನ ಆಚೆ ಮೂವರು ಕೂತಿದ್ದರು. ನಡುವಿನ ಹೆಂಗಸು ಅವಳ ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ದನಿಯಲ್ಲಿ ಕೆಟ್ಟತನವಿರಲಿಲ್ಲ.

"ಅಷ್ಟು ದೊಡ್ಡ ಲ್ಯಾಬಲ್ಲಿದ್ರಿ. ಪೇಪರ್ ಎಷ್ಟು?"

"ಒಂದೂ ಇಲ್ಲ."

"ಒಂದರಲ್ಲೂ ಹೆಸರಿಲ್ವಾ?"

"ಇಲ್ಲ."

ಮೂವರೂ ಮುಖ ಮುಖ ನೋಡಿಕೊಂಡರು. ಹೆಂಗಸು ಪೆನ್ನನ್ನು ಮೇಜಿನ ಮೇಲಿಟ್ಟರು.

"ಹದಿನಾರು ವರ್ಷ ಅಲ್ಲಿ ಏನು ಮಾಡ್ತಿದ್ರಿ ಮತ್ತೆ?"

ಅವಳು ತನ್ನ ಎರಡೂ ಕೈಗಳನ್ನು ಎತ್ತಿ ಅವರ ಮೇಜಿನ ಮೇಲೆ, ಅವರ ಹಾಳೆಗಳ ಮೇಲೆಯೇ ಇಟ್ಟಳು.

"ಕೆಲಸ" ಎಂದಳು.